ಕುಸುಮಾಳ ಹೆಸರಿನ ಕಲ್ಲು

ಫೋನು ಗುಂಯ್ ಅಂದರೆ ಸಾಕು, ಕುಸುಮಾಳ ಎದೆ ಧಸಕ್ ಅನ್ನುತ್ತಿತ್ತು. ಗ್ಯಾಸಿನವನು ಮಾಡಿದರೂ ಧಸಕ್, ಲೋನು ಬೇಕಾ ಮೇಡಂ ಎಂದು ಯಾವಳೋ ಕೇಳಿದರೂ ಧಸಕ್. ಒಲೆಯ ಮೇಲೆ ಹಾಲಿಟ್ಟು ಬಾಲ್ಕನಿಗೆ ಹೋಗಿ ಬೀದಿ ಇಣುಕುವಳು, ಹಾಲು ಉಕ್ಕಿ ಸೀದ ವಾಸನೆ ಮೂಗಿಗೆ ಬಡಿದಾಗ ಅಯ್ಯಯ್ಯೋ ಎಂದು ಓಡಿಬರುವಳು. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುವಳು. ಗಂಡ ಸಂಪತ್ ಪೇಪರಿನ ಹಿಂದಿನಿಂದ ಒಂದು ಕಣ್ಣು ಹೊರಗೆ ಹಾಕಿ, “ಕೂತ್ಕೋ ಬಾರೇ ಒಂದ್ನಿಮಿಷ” ಅಂದರೆ, “ನಾನು ಕೂತ್ರೆ ಕೆಲ್ಸ ಯಾರು, ನಿಮ್ಮಜ್ಜಿ ಮಾಡ್ತಾಳಾ?” ಎಂದು ಸಿಡುಕುವಳು. ಆ ಪುಣ್ಯಾತ್ಮ ಮತ್ತೆ ಪೇಪರಿನೊಳಗೆ ಸೇರಿಕೊಳ್ಳುವನು.

ಅವಳು ಕಾಯುತ್ತಿದ್ದದ್ದು ಪೊಲೀಸರ ಫೋನಿಗೆ. ಹಾಗೆಂದು ಅವಳೇನೂ ಯಾರದೋ ಸರ ಕಿತ್ತುಕೊಂಡು ಓಡಿದವಳಲ್ಲ. ವಿಜಯನಗರದ ಮಾರ್ಕೆಟ್ಟಿನ ಹಿಂದಿನ ಅಡ್ಡರಸ್ತೆಯಲ್ಲಿ ರಂಜಿನಿ ಎಂಬ ಹುಡುಗಿಯೊಬ್ಬಳು ಪ್ಲೇಹೋಮ್ ನಡೆಸುತ್ತಾಳೆ. ಕೆಲಸಕ್ಕೆ ಹೋಗುವ ತಾಯಂದಿರು ಬೆಳಗ್ಗೆ ಮಕ್ಕಳನ್ನು ಅಲ್ಲಿ ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಾರೆ. ಕುಸುಮಾ ಅಲ್ಲಿ ಆಯಾ ಆಗಿ ಸೇರಿ ಒಂದು ಮಳೆಗಾಲ ಕಳೆದಿತ್ತು. ಮಗಳು ಬಿಂದುಶ್ರೀ ಓದು ಮುಗಿಸಿ ಕೆಲಸಕ್ಕೆ ಹೊರಟ ಮೇಲೆ ಮನೆ ಬಿಕೋ ಅನ್ನುತ್ತಿತ್ತು. ಗಂಡನಿಗೆ ಪ್ಲಾಸ್ಟಿಕ್ ಸಾಮಾನಿನ ಅಂಗಡಿ, ಬೆಳಗ್ಗೆ ಹೋದರೆ ರಾತ್ರಿಗೇ ಬರುವುದು. ಸುಮ್ಮನೆ ಕೂರಲಾಗದೆ ಹೋಗಿ ಸೇರಿದವಳಿಗೆ ಆ ಕೆಲಸ ಒಂದು ಹುಚ್ಚಿನ ಹಾಗೆ ಹಿಡಿದುಬಿಟ್ಟಿತು. ಯಾವ ಮಗು ಅನ್ನ ಕಂಡರೆ ಬಾಯಿ ಬಿಗಿಯುತ್ತದೆ, ಯಾವುದಕ್ಕೆ ಬೆನ್ನು ಕೆರೆದರೆ ನಿದ್ದೆ ಬರುತ್ತದೆ, ಎಲ್ಲವೂ ಅವಳಿಗೇ ಗೊತ್ತು. ತಾಯಂದಿರು ಗೇಟಿನಲ್ಲೇ ನಿಂತು “ಕುಸುಮಾಂಟಿ ಬಂದಿದಾರಾ?” ಎಂದು ಕೇಳಿಯೇ ಮಗುವನ್ನು ಕೆಳಗಿಳಿಸುತ್ತಿದ್ದರು. ನಲವತ್ತೆಂಟು ವರ್ಷದ ಬದುಕಿನಲ್ಲಿ ಅವಳನ್ನು ಹೀಗೆ ಹೆಸರು ಹಿಡಿದು ಕೇಳಿಕೊಂಡು ಬಂದವರು ಯಾರೂ ಇರಲಿಲ್ಲ. ಆ ಸುಖವನ್ನು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ.

ಅಷ್ಟರಲ್ಲಿ ಬಂತಲ್ಲ ಈ ವೆರಿಫಿಕೇಶನ್ನು. ಎಲ್ಲೋ ಯಾವುದೋ ಊರಿನ ಡೇಕೇರಿನಲ್ಲಿ ಯಾವಳೋ ಮಗುವಿಗೆ ಹೊಡೆದಿದ್ದು ಟೀವಿಯಲ್ಲಿ ಬಂದು, ತಂದೆತಾಯಿಗಳ ವಾಟ್ಸಾಪ್ ಗ್ರೂಪಿಗೆ ಬೆಂಕಿ ಬಿತ್ತು. ಪ್ರತಿಯೊಬ್ಬರೂ ಪೊಲೀಸರಿಂದ ಸರ್ಟಿಫಿಕೇಟ್ ತರಬೇಕು ಎಂದಾಯಿತು. “ಎಲ್ರಿಗೂ ಆಂಟಿ, ನಂಗೂ ಸೇರಿ,” ಎಂದಳು ರಂಜಿನಿ. “ಬರೀ ಫಾರ್ಮಾಲಿಟಿ. ನಿಮ್ಮಂಥೋರಿಗೆ ಏನ್ ಬರುತ್ತೆ ಹೇಳಿ?”

ಬಿಂದುಶ್ರೀ ಲ್ಯಾಪ್‌ಟಾಪ್ ತೆರೆದು ಅರ್ಜಿ ತುಂಬುವಾಗ ಒಂದು ಪ್ರಶ್ನೆ ಬಂತು: ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಕೇಸ್ ಇತ್ತೇ? ಬಿಂದು ತಾಯಿಯ ಮುಖ ನೋಡಿ ಕಿಸಕ್ಕೆಂದು ನಕ್ಕಳು. “ಏನಮ್ಮಾ ರೌಡಿ ಕುಸುಮಾ, ಏನ್ ಹಾಕ್ಲಿ?”

“ಥೂ, ಹೋಗೇ. ಅದೆಲ್ಲ ಯಾವಾಗ್ಲೋ ಮುಗ್ದೋಯ್ತಲ್ಲ. ದಂಡ ಕಟ್ಟಿದ್ಮೇಲೆ ಕೇಸೆಲ್ಲಿ ಬಂತು? ಇಲ್ಲ ಅಂತ ಹಾಕು.”

ಬಿಂದು ಇಲ್ಲ ಎಂದು ಒತ್ತಿದಳು. ಒತ್ತಿದ್ದಾಯಿತು, ಅರ್ಜಿ ಹೋಯಿತು. ಅವತ್ತಿನ ರಾತ್ರಿಯಿಂದಲೇ ಫೋನು ಗುಂಯ್ ಅಂದರೆ ಕುಸುಮಾ ಬೆಚ್ಚಿಬೀಳಲು ಶುರುವಾದದ್ದು.

ಆ ಕೇಸಿನ ಕತೆ ಅವರ ಬಳಗದಲ್ಲಿ ಗೊತ್ತಿಲ್ಲದವರಿಲ್ಲ. ಯಾವ ಮದುವೆಯ ಮನೆಯಲ್ಲಿ ನಾಲ್ಕು ಜನ ಸೇರಲಿ, ಕುಸುಮಾಳ ಅಣ್ಣ ಯೋಗಾನಂದ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಶುರು ಮಾಡುತ್ತಿದ್ದ. “ನಮ್ ಕುಸುಮಾನ ಹಗುರವಾಗಿ ತಿಳ್ಕೋಬೇಡಿ ಕಣ್ರಪ್ಪಾ. ಸರ್ವೇಯವನ ತಲೆ ಒಡ್ದೋಳು. ಗುರಿ ಅಂದ್ರೆ ಗುರಿ!” ಎಲ್ಲರೂ ನಗುವರು. ಕುಸುಮಾಳೂ ನಗುವಳು. ನಗದೆ ಏನು ಮಾಡುವುದು? ಅವಳಿಗೆ ಗೊತ್ತಿತ್ತು, ಕಲ್ಲು ಹೊಡೆದದ್ದು ತಾನಲ್ಲ. ಹೊಡೆದವನು ಇದೇ ಅಣ್ಣ. ಹೊಡೆದವನೇ ಹೀಗೆ ಎಲೆ ಮೆಲ್ಲುತ್ತಾ ತಂಗಿಯ ತಲೆಗೆ ಕಟ್ಟಿ ನಗುತ್ತಾನಲ್ಲ, ಏನು ಗಂಡಸೋ ಎಂದು ಅವಳಿಗೆ ಒಳಗೊಳಗೇ ಉರಿಯುತ್ತಿತ್ತು.

ಆಗ ಅವರು ಮಲ್ಲತ್ತಹಳ್ಳಿಯವರು. ಮಲ್ಲತ್ತಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲ. ಕೆರೆ ಹಿಂದೆ ಇವರ ರಾಗಿ ಹೊಲ, ಹೊಲದ ತುದಿಗೆ ಮನೆ, ಮನೆಯ ಹಿಂದೆ ಹುಲ್ಲಿನ ಮೆದೆ. ಲೇಔಟು ಮಾಡುತ್ತೇವೆಂದು ಅಳತೆಯವರು ಸರಪಳಿ ಹಿಡಿದುಕೊಂಡು ಬಂದರು. ಊರವರೆಲ್ಲ ಅಡ್ಡ ನಿಂತರು, ಕೂಗಾಟ ನೂಕಾಟವಾಯಿತು. ಯೋಗಾನಂದ ಎಲ್ಲರಿಗಿಂತ ಮುಂದೆ ಇದ್ದ. ಕುಸುಮಾ ಅವನ ಹಿಂದೆ ಬದುವಿನ ಮೇಲಿದ್ದಳು. ಅಣ್ಣ ಬಗ್ಗಿದ್ದನ್ನು ಅವಳು ನೋಡಿದಳು. ಮರುಗಳಿಗೆಯಲ್ಲೇ ಅಳತೆಯವನೊಬ್ಬ ತಲೆ ಹಿಡಿದುಕೊಂಡು ಕುಸಿದ. ಬಿಳೀ ಅಂಗಿಯೆಲ್ಲ ರಕ್ತ.

ಸಂಜೆ ಪೊಲೀಸರು ಮನೆಯ ಮುಂದೆ ನಿಂತರು. ಗುಂಪಿನ ಮುಂದೆ ನಿಂತಿದ್ದ ಆ ಹುಡುಗನೇ ಹೊಡೆದದ್ದು ಎಂದು ಅಳತೆಯವರು ಹೇಳಿದ್ದರು. ಯೋಗಾನಂದನಿಗೆ ಅದೇ ತಿಂಗಳು ಸರ್ಕಾರಿ ಕೆಲಸದ ಪತ್ರ ಬಂದಿತ್ತು, ಪೊಲೀಸ್ ವಿಚಾರಣೆಯೊಂದು ಬಾಕಿ. ಅಪ್ಪ ಲಕ್ವ ಹೊಡೆದು ನಡುಮನೆಯಲ್ಲಿ ಮಲಗಿದ್ದರು. ಅಮ್ಮ ಅಕ್ಕಯ್ಯಮ್ಮ ಹಾಲಿನ ಚೊಂಬು ಹಿಡಿದು ಹೊರಗೆ ಬಂದವರೇ, “ಅವ್ನಲ್ಲ ಸ್ವಾಮಿ, ನನ್ ಮಗಳು. ಹೆಸ್ರು ಕುಸುಮಾ, ಬರ್ಕೊಳಿ” ಅಂದುಬಿಟ್ಟರು. ಕುಸುಮಾ ಬಾಯಿ ತೆರೆದಳು. ಅಮ್ಮ ಅವಳ ಕಡೆಗೊಮ್ಮೆ ನೋಡಿದರು. ಕುಸುಮಾ ಬಾಯಿ ಮುಚ್ಚಿದಳು. ಆಗೆಲ್ಲ ಮನೆಮನೆಯಲ್ಲೂ ಹಾಗೇ; ಕೇಸು ಬಂದರೆ ಕೆಲಸಕ್ಕೆ ಹೋಗುವ ಗಂಡು ಬಿಟ್ಟು ಮನೆಯಲ್ಲಿರುವ ಹೆಣ್ಣಿನ ಹೆಸರು ಬರೆಸುವುದು. ಮದುವೆಯಾಗಿ ಹೋಗುವವಳಿಗೆ ಯಾವ ಸಾಹೇಬ ಬಂದು ಸರ್ಟಿಫಿಕೇಟ್ ಕೇಳುತ್ತಾನೆ?

ಕೇಸು ಎಳೆಯಿತು, ಎಳೆಯಿತು. ಅಷ್ಟರಲ್ಲಿ ವಿಜಯನಗರದ ಈ ಸಂಬಂಧ ಕೂಡಿಬಂತು. ಧಾರೆಯ ದಿನವೇ ಕೋರ್ಟಿನ ವಾಯಿದೆಯೂ ಬಿದ್ದೀತೆಂದು ಹೆದರಿ ವಕೀಲರು ಒಂದು ಉಪಾಯ ಹೇಳಿದರು: ಹೌದು ಅಂದುಬಿಡು, ದಂಡ ಹಾಕಿ ಬಿಡ್ತಾರೆ, ಪೀಡೆ ತೊಲಗುತ್ತೆ. ಕುಸುಮಾ ಕಟಕಟೆಯಲ್ಲಿ ನಿಂತು ಹೌದು ಅಂದಳು. ದಂಡ ಕಟ್ಟಿ, ಹೊರಗೆ ಬಂದು ಕಬ್ಬಿನ ಹಾಲು ಕುಡಿದು, ಎಲ್ಲರೂ ನೆಮ್ಮದಿಯಾಗಿ ಮದುವೆಯ ಸೀರೆ ತರಲು ಚಿಕ್ಕಪೇಟೆಗೆ ಹೋದರು. ಮದುವೆಗೆ ಅಡ್ಡಿಯಾಗದಿರಲಿ ಎಂದು ಅಪರಾಧಿಯಾದ ಮದುಮಗಳನ್ನು ನೀವೆಲ್ಲಾದರೂ ಕಂಡಿದ್ದೀರಾ?

ಸುಳ್ಳೇಕೆ ಹೇಳಬೇಕು, ಆ ಕಲ್ಲಿನಿಂದ ಅವಳಿಗೆ ಉಪಕಾರವೂ ಆಗಿತ್ತು. ಸೊಸೆಯಂದಿರನ್ನು ಹುರಿದು ಮುಕ್ಕುವವಳೆಂದು ಹೆಸರಾಗಿದ್ದ ಅತ್ತೆ ಇವಳ ಹತ್ತಿರ ಮಾತ್ರ ದನಿ ಏರಿಸಲಿಲ್ಲ. ಸಂಪತ್ ಇಷ್ಟು ವರ್ಷದಲ್ಲಿ ಒಂದು ದಿನ ಕೈ ಎತ್ತಲಿಲ್ಲ. ಸ್ವಭಾವವೇ ಹಾಗೋ, ಕಲ್ಲಿನ ಭಯವೋ, ಅವಳು ಕೇಳಲು ಹೋಗಲಿಲ್ಲ. ಇದ್ದರೆ ಇರಲಿ ಬಿಡು ಈ ಹೆಸರು ಎಂದು ಅವಳೂ ಸುಮ್ಮನಿದ್ದಳು.

ಗುರುವಾರ ಮಧ್ಯಾಹ್ನ, ಅವಳು ಊಟಕ್ಕೆ ಮನೆಗೆ ಬಂದಿದ್ದ ಹೊತ್ತಿಗೆ, ಫೋನು ಬರಲಿಲ್ಲ, ಪೊಲೀಸರೇ ಬಂದರು. ತಮ್ಮಣ್ಣ ಎಂಬ ದಫೇದಾರರು, ನರೆತ ಮೀಸೆಯವರು. ಮೆಟ್ಟಿಲು ಹತ್ತಿದ ಸುಸ್ತಿಗೆ ಮಜ್ಜಿಗೆ ಕೇಳಿ ಕುಡಿದರು. ಅಕ್ಕಪಕ್ಕದವರನ್ನು ಎರಡು ಮಾತು ಕೇಳಿದರು, ಆಧಾರ್ ನೋಡಿದರು. ಆಮೇಲೆ ಬ್ಯಾಗಿನಿಂದ ಹಾಳೆಯೊಂದನ್ನು ತೆಗೆದು ಅವಳ ಮುಖವನ್ನೂ ಹಾಳೆಯನ್ನೂ ತಿರುಗಿ ತಿರುಗಿ ನೋಡಿದರು.

“ಇಲ್ಲ ಅಂತ ಹಾಕಿದೀರಲ್ಲಮ್ಮ. ಇದೆಯಲ್ಲ ಒಂದು.”

“ಅದು ಮುಗ್ದೋಗಿದೆ ಸಾರ್. ದಂಡ ಕಟ್ಟಿದೀವಿ.”

“ದಂಡ ಕಟ್ಟಿರೋದ್ರಿಂದ್ಲೇ ಇರೋದು ತಾಯಿ. ಕಟ್ಟದೆ ಕೇಸ್ ನಡ್ಸಿದ್ರೆ ಸಾಕ್ಷಿ ಇಲ್ಲ ಅಂತ ಬಿಟ್ಟೋಗಿರೋದು. ತಪ್ಪು ಒಪ್ಕೊಂಡಿದೀರಿ. ಸರ್ಕಾರಿ ನೌಕರನ ಮೇಲೆ ಹಲ್ಲೆ, ಶಿಕ್ಷೆಯಾಗಿದೆ, ಅಂತ ಬರುತ್ತೆ.” ಅವರಿಗೂ ಒಂಥರಾ ಆಯಿತೇನೋ, ಲೋಟ ಕೆಳಗಿಟ್ಟರು. “ನೀವಾ ಹೊಡ್ದಿದ್ದು? ನಂಬಕ್ಕಾಗಲ್ಲಪ್ಪ.”

ಕುಸುಮಾ ಲೋಟ ಎತ್ತಿಕೊಂಡಳು. ಅಲ್ಲ ಅಂದರೆ ಅಣ್ಣನ ಹೆಸರು ಹೇಳಬೇಕು. ಪೊಲೀಸರ ಮುಂದೆ ಅಣ್ಣನ ಹೆಸರು ಹೇಳಲು ಅವಳ ನಾಲಿಗೆ ಏಳಲಿಲ್ಲ.

“ನಾನು ಇರೋದ್ನ ಬರೀಲೇಬೇಕು,” ಎಂದರು ತಮ್ಮಣ್ಣ ಚಪ್ಪಲಿ ಮೆಟ್ಟುತ್ತಾ. “ಕೆಲಸಕ್ಕೆ ಇಟ್ಕೊಳೋದು ಬಿಡೋದು ಅವ್ರಿಗೆ ಬಿಟ್ಟಿದ್ದು. ಹೋಗಿ ಇದ್ದಿದ್ದು ಇದ್ದಂಗೆ ಹೇಳಿ. ಒಳ್ಳೇವ್ರಾದ್ರೆ ಅರ್ಥ ಮಾಡ್ಕೋತಾರೆ.”

ಅವರು ಬೀದಿ ದಾಟುವ ಮೊದಲೇ ಕುಸುಮಾ ರಂಜಿನಿಗೆ ಫೋನು ಮಾಡಿದಳು. ಎಲ್ಲವನ್ನೂ ಗಡಬಡಿಸಿ ಹೇಳಿದಳು, ನಾನು ಹೊಡೆದಿಲ್ಲ ಕಣಮ್ಮ ಅಂದಳು. ಎಲ್ಲ ಕೇಳಿದ ಮೇಲೆ ರಂಜಿನಿ ಹೇಳಿದಳು. “ಆಂಟಿ, ನಂಗೆ ನಿಮ್ಮನ್ನ ಬಿಟ್ಟುಕೊಡೋ ಮನಸ್ಸಿಲ್ಲ. ಆದ್ರೆ ಪೇರೆಂಟ್ಸ್‌ಗೆ ನಾನೊಂದು ಉತ್ತರ ಕೊಡ್ಬೇಕು. ಇದನ್ನ ಕಣ್ಣಾರೆ ನೋಡಿರೋರು, ಹೌದು ಇವ್ರು ಹೊಡ್ದಿಲ್ಲ ಅಂತ ಹೇಳೋರು ಯಾರಾದ್ರೂ ಇದ್ರೆ ಸೋಮವಾರ ಕರ್ಕೊಂಡು ಬನ್ನಿ. ಅಲ್ಲೀವರ್ಗೂ ರಜ ತಗೊಳಿ.”

ಶುಕ್ರವಾರ, ಶನಿವಾರ ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಮನೆಯೊಳಗೆ ನಡೆದಳು, ಟೆರೇಸಿಗೆ ಹೋಗಿ ನಡೆದಳು, ತರಕಾರಿ ತರಲು ಹೋಗಿ ಬರಿಗೈಯಲ್ಲಿ ಬಂದಳು. ಪ್ಲೇಹೋಮಿನ ಬೀದಿಗೆ ಹೋಗಬಾರದೆಂದುಕೊಂಡೇ ಎರಡು ಸಲ ಹೋಗಿ, ಮಕ್ಕಳ ಗಲಾಟೆ ಕೇಳಿಸುವಷ್ಟು ದೂರದಲ್ಲಿ ನಿಂತು ವಾಪಸಾದಳು. ಯಾವುದೋ ಮಗು ಅಳುತ್ತಿತ್ತು. ಅದಕ್ಕೆ ನೀರು ಕೊಡ್ರೇ ಎಂದು ಕೂಗಬೇಕೆನಿಸಿತು. ಬಿಂದುಶ್ರೀ, “ಅಮ್ಮಾ, ಬಿಟ್ಹಾಕು. ಬೇರೆ ಕಡೆ ಸಿಗುತ್ತೆ” ಅಂದಾಗ ಕುಸುಮಾ ಸೌಟು ಎಸೆದು ಅತ್ತಳು. ತಾಯಿ ಅತ್ತದ್ದು ನೋಡಿ ಬಿಂದು ಗಾಬರಿಯಾದಳು. ಆಗ ಮೊದಲ ಸಲ ಕುಸುಮಾ ಮಗಳಿಗೆ ನಿಜ ಹೇಳಿದಳು.

“ಮಾವನಾ?” ಬಿಂದುವಿನ ಕಣ್ಣು ಕೆಂಡವಾಯಿತು. “ಮತ್ತೆ ಎಲ್ಲರ ಮುಂದೆ ಹಲ್ಲು ಕಿರ್ಕೊಂಡು ಹೇಳ್ತಾರಲ್ಲ! ನೀನ್ಯಾಕೆ ಸುಮ್ನಿದ್ದೆ? ಹೋಗಿ ಕೇಳು. ಇಲ್ಲಾಂದ್ರೆ ನಾನೇ ಹೋಗ್ತೀನಿ.”

“ನೀನು ಬೇಡ. ನಾನೇ ಹೋಗ್ತೀನಿ,” ಎಂದಳು ಕುಸುಮಾ.

ಭಾನುವಾರ ವಿಜಯನಗರದಲ್ಲಿ ಮೆಟ್ರೋ ಹತ್ತಿದಳು. ಸೀಟು ಖಾಲಿಯಿದ್ದರೂ ಕೂರಲಿಲ್ಲ. ಕಂಬ ಹಿಡಿದು ನಿಂತೇ, ಅಣ್ಣನಿಗೆ ಹೇಳಬೇಕಾದ್ದನ್ನು ತುಟಿಯೊಳಗೇ ಹೇಳಿಕೊಂಡಳು. ಮೊದಲು ಮೆತ್ತಗೆ, ರಾಜರಾಜೇಶ್ವರಿನಗರ ದಾಟುವಷ್ಟರಲ್ಲಿ ಜೋರಾಗಿ. ಪಕ್ಕದ ಹುಡುಗ ಕಿವಿಯಿಂದ ಇಯರ್‌ಫೋನ್ ತೆಗೆದು ನೋಡಿದ.

ಯೋಗಾನಂದನ ಮನೆ ಕೆಂಗೇರಿ ಉಪನಗರದಲ್ಲಿ. ಅದೇ ಸರ್ಕಾರಿ ಕೆಲಸದಲ್ಲಿ ಮೇಲೇರಿ ಈಗ ಸೂಪರಿಂಟೆಂಡೆಂಟ್. ಸಾಲದ್ದಕ್ಕೆ ಬಡಾವಣೆಯ ಮಕ್ಕಳ ಸುರಕ್ಷತಾ ಸಮಿತಿಯ ಸ್ವಯಂಸೇವಕ ಬೇರೆ. ಬೆಳಗ್ಗೆ ಶಾಲೆಯ ಮುಂದೆ ಹಸಿರು ಜಾಕೆಟ್ ತೊಟ್ಟು ವಾಹನ ನಿಲ್ಲಿಸಿ ಮಕ್ಕಳನ್ನು ರಸ್ತೆ ದಾಟಿಸುತ್ತಾನೆ. ಅವಳು ಹೋದಾಗ ಅದೇ ಜಾಕೆಟ್ ಒಗೆದು ಹರವುತ್ತಿದ್ದ. ಅತ್ತಿಗೆ ತವರಿಗೆ ಹೋಗಿದ್ದರು. ಅಮ್ಮ ಅಕ್ಕಯ್ಯಮ್ಮ ನಡುಮನೆಯ ದಿವಾನದ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದರು. ಎಪ್ಪತ್ತೈದು ದಾಟಿದ್ದರೂ ಬೆರಳು ಇನ್ನೂ ಚುರುಕು.

“ಬಾರಮ್ಮ ರೌಡಿ!” ಎಂದ ಯೋಗಾನಂದ ಬಾಯ್ತುಂಬ. “ಏನು ಫೋನೂ ಇಲ್ದೆ?”

ಕುಸುಮಾಳ ಕಣ್ಣು ಗೋಡೆಗೆ ಹೋಯಿತು. ಅಲ್ಲಿ ಸಮಿತಿಗೆ ಸೇರುವಾಗ ಪೊಲೀಸರು ಕೊಟ್ಟ ಪತ್ರಕ್ಕೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದ. ಇವರ ಮೇಲೆ ಯಾವುದೇ ಪ್ರಕರಣವಿಲ್ಲ, ಇವರ ನಡತೆ ಉತ್ತಮ. ಅದನ್ನು ಓದುತ್ತಿದ್ದಂತೆ ಮೆಟ್ರೋದಲ್ಲಿ ಜೋಡಿಸಿಕೊಂಡ ಮಾತೆಲ್ಲ ಹಾರಿಹೋಯಿತು.

“ಅದು ನಂದು ಕಣೋ,” ಎಂದಳು ಗೋಡೆಗೆ ಬೆರಳು ತೋರಿಸಿ. “ಹೆಸ್ರು ನಿಂದಿರಬೋದು. ಆದ್ರೆ ಆ ಕಾಗದ ನಂದು. ನಾನು ಹೌದು ಅಂದಿದ್ಕೆ ನಿಂಗೆ ಅದು ಬಂದಿದ್ದು.”

ಯೋಗಾನಂದ ಒದ್ದೆ ಕೈ ಒರೆಸಿಕೊಳ್ಳುತ್ತಾ ನಿಂತ. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು, ದಫೇದಾರರು ಹೇಳಿದ್ದು, ರಂಜಿನಿ ಹೇಳಿದ್ದು. “ನಾಳೆ ಬೆಳಗ್ಗೆ ನಂಜೊತೆ ಬಾ. ಕಲ್ಲು ಹೊಡೆದಿದ್ದು ಇವಳಲ್ಲ, ನಾನು ಅಂತ ಆ ಹುಡುಗಿ ಹತ್ರ ಒಂದು ಮಾತು ಹೇಳು. ಪೊಲೀಸರ ಹತ್ರ ಬೇಡ, ಆಫೀಸಲ್ಲಿ ಬೇಡ, ಅವಳೊಬ್ಬಳ ಹತ್ರ. ಅಷ್ಟು ಸಾಕು. ಈ ಜನ್ಮದಲ್ಲಿ ಇನ್ನು ನಿನ್ನ ಏನೂ ಕೇಳಲ್ಲ.”

“ನಾನಾ?” ಎಂದ ಯೋಗಾನಂದ.

“ಮತ್ಯಾರು? ನೀನು ಬಗ್ಗಿದ್ದು ನಾನು ನೋಡಿಲ್ವಾ?”

“ಚಪ್ಪಲಿ ಉಂಗುಷ್ಟ ಕಿತ್ತೋಗಿತ್ತು ಕಣೇ, ಅದ್ಕೆ ಬಗ್ಗಿದ್ದು! ಕಲ್ಲು ನನ್ನ ತಲೆ ಮೇಲಿಂದ ಸುಯ್ ಅಂತ ಹೋಯ್ತು. ತಿರುಗಿ ನೋಡ್ತೀನಿ, ನೀನು ಬದುವಿನ ಮೇಲೆ ಬಾಯಿ ಬಿಟ್ಕೊಂಡು ನಿಂತಿದೀಯ. ಸಂಜೆ ಅಮ್ಮಾನೂ ಹೇಳಿದ್ರಲ್ಲ ನೀನೇ ಅಂತ. ನೀನೇ ಅಲ್ವಾ?” ಅವನ ಮುಖ ನೋಡಿದರೆ ನಟನೆಯೇನೂ ಇರಲಿಲ್ಲ. ಅವಳಿಗೆ ಗೊತ್ತು ಅವನ ಸುಳ್ಳಿನ ಮುಖ. ಸುಳ್ಳು ಹೇಳುವಾಗ ಮೂಗು ಉಜ್ಜುತ್ತಾನೆ. ಈಗ ಕೈ ಎರಡೂ ಕೆಳಗೇ ಇದ್ದವು. “ನನ್ನ ಮೇಲೆ ಬರಬಾರ್ದು ಅಂತ ನೀನೇ ಮುಂದೆ ಬಂದು ಒಪ್ಕೊಂಡೆ ಅಂತ ತಿಳ್ಕೊಂಡಿದೀನಿ ಕಣೇ ನಾನು. ಎಲ್ರ ಮುಂದೆ ಹೇಳೋದು ಯಾಕೆ? ನನ್ ತಂಗಿ ಅಂಥೋಳು ಅನ್ನೋ ಹೆಮ್ಮೆಗೆ.”

ಕುಸುಮಾ ದಿವಾನದ ಅಂಚಿಗೆ ಕೂತುಬಿಟ್ಟಳು. ಇಷ್ಟು ವರ್ಷ ಅವನ ಮೇಲೆ ಇಟ್ಟುಕೊಂಡಿದ್ದ ಉರಿ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಎದೆಯಲ್ಲೇ ಗಿರಕಿ ಹೊಡೆಯಿತು. ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಅಮ್ಮನ ಕಡೆ ತಿರುಗಿದರು.

ಅಕ್ಕಯ್ಯಮ್ಮನ ಬೆರಳು ನಿಂತಿತ್ತು. ಸುಲಿದ ಕಾಳು ಮಡಿಲಲ್ಲಿತ್ತು.

“ಮೆದೆ ಹಿಂದೆ ಇದ್ದೆ ನಾನು,” ಎಂದರು. “ಎಮ್ಮೆ ಕಟ್ತಾ ಇದ್ದೆ. ನಮ್ ಹೊಲದಾಗೆ ಆ ಸರಪಳಿ ಎಳ್ಕೊಂಡು ಓಡಾಡ್ತಾ ಇದ್ರಲ್ಲ, ಕಣ್ಣಿಗೆ ಕತ್ಲೆ ಬಂದಂಗಾಯ್ತು. ಕೈಗೆ ಸಿಕ್ಕಿದ್ ಎಸೆದೆ. ಬೀಳುತ್ತೆ ಅಂತ ಯಾರ್ಗೊತ್ತಿತ್ತು?”

ಯೋಗಾನಂದ ಒಂದು ಹೆಜ್ಜೆ ಮುಂದೆ ಬಂದ. “ಅಮ್ಮಾ!”

“ಮತ್ತೆ ನನ್ ಹೆಸ್ರು ಯಾಕೆ ಕೊಟ್ಟೆ?” ಕುಸುಮಾಳಿಗೆ ತನ್ನ ದನಿ ಬೇರೆ ಯಾರದೋ ಅನ್ನಿಸಿತು. “ನಿನ್ ಹೆಸ್ರು ಹೇಳ್ಬೋದಿತ್ತಲ್ಲ?”

“ನಾನು ಒಳಗೋದ್ರೆ ನಿಮ್ಮಪ್ಪನ ಉಚ್ಚೆ ಹೇಲು ಯಾರು ಬಾಚೋರು? ಎರಡು ಎಮ್ಮೆ ಯಾರು ಕರೆಯೋರು? ಇವನ ಹೆಸ್ರು ಕೊಟ್ರೆ ಬಂದಿದ್ ಕೆಲ್ಸ ಹೋಯ್ತದೆ. ನೀನೊಬ್ಳೇ ಕಣವ್ವ ಉಳ್ದಿದ್ದು.” ಅಕ್ಕಯ್ಯಮ್ಮ ಮಡಿಲ ಕಾಳನ್ನು ಮೊರಕ್ಕೆ ಸುರಿಯಲು ಹೋದರು, ಅರ್ಧ ನೆಲಕ್ಕೆ ಚೆಲ್ಲಿತು. “ಹೇಳ್ಬೇಕು ಹೇಳ್ಬೇಕು ಅಂತಿದ್ದೆ. ಇವ್ನು ನಗ್ತಾ ಹೇಳೋನು, ನೀನೂ ನಗ್ತಾ ಇದ್ದೆ. ನಗ್ತವ್ರಲ್ಲ, ಬಿಡು ಅಂದ್ಕೊಂಡೆ.”

ಕುಸುಮಾ ಹೊರಡಲೆಂದು ಎದ್ದಳು. ಅಕ್ಕಯ್ಯಮ್ಮ ದಿವಾನದಿಂದ ಕಾಲು ಕೆಳಗಿಟ್ಟು, “ನಿಲ್ಲು. ನಾನೂ ಬತ್ತೀನಿ. ನಾಳೆ ಆ ಇಸ್ಕೂಲಮ್ಮನ ಹತ್ರ ನಾನೇ ಹೇಳ್ತೀನಿ” ಎಂದರು. ಮಂಡಿ ನೋವು, ಮೆಟ್ಟಿಲು, ಜನ, ಏನು ಹೇಳಿದರೂ ಮುದುಕಿ ಜಗ್ಗಲಿಲ್ಲ. ಯೋಗಾನಂದ ಕ್ಯಾಬ್ ಮಾಡಿ ಕೂರಿಸಿದ. ಬಾಗಿಲು ಹಾಕುವ ಮುಂಚೆ ತಂಗಿಯ ಕಡೆ ಬಗ್ಗಿ ಅವಳ ಸೆರಗಿನ ತುದಿ ಕಾರಿನೊಳಗೆ ಸರಿಸಿ ಬಾಗಿಲು ಹಾಕಿದ. ದಾರಿಯುದ್ದಕ್ಕೂ ತಾಯಿ ಮಗಳು ಒಂದೊಂದು ಕಿಟಕಿ ನೋಡುತ್ತಾ ಕೂತರು.

ನಾಯಂಡಹಳ್ಳಿಯ ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ ಕುಸುಮಾ ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದಳು. “ಅಮ್ಮಾ, ನಂಗೆ ನಿನ್ ಮೇಲೆ ತುಂಬಾ ಕೋಪ ಬಂದಿದೆ.”

“ಬರ್ಲಿ,” ಎಂದರು ಅಕ್ಕಯ್ಯಮ್ಮ. “ಬರ್ದೆ ಇದ್ದಿದ್ರೆ ನಂಗೆ ಇನ್ನೂ ಕಷ್ಟ ಆಗ್ತಿತ್ತು.”

ಸೋಮವಾರ ಬೆಳಗ್ಗೆ ಆಟೋದಲ್ಲಿ ಹೋಗಿ ಪ್ಲೇಹೋಮಿನ ಮುಂದೆ ಇಳಿದರು. ಗೇಟಿನೊಳಗಿನ ಜಗಲಿಯಲ್ಲಿ ರಂಜಿನಿ ಅಜ್ಜಿಗೆ ಕುರ್ಚಿ ಹಾಕಿಸಿದಳು. ಅಕ್ಕಯ್ಯಮ್ಮ ಕೂತು, ಸೆರಗು ಸರಿಮಾಡಿಕೊಂಡು, ಮೆದೆಯಿಂದ ಹಿಡಿದು ಕೋರ್ಟಿನವರೆಗೆ ಒಂದನ್ನೂ ಬಿಡದೆ ಹೇಳಿದರು. “ಕಲ್ಲು ಹೊಡ್ದೋಳು ನಾನು. ನನ್ ಹೆಸ್ರು ಅಕ್ಕಯ್ಯಮ್ಮ. ಬರ್ಕೋ ತಾಯಿ. ಹೆಬ್ಬೆಟ್ಟು ಬೇಕಾದ್ರೂ ಒತ್ತುತೀನಿ.”

ರಂಜಿನಿಯ ಕಣ್ಣು ತುಂಬಿತು. ನಂಬಿದ್ದಳು, ಅದು ಮುಖದಲ್ಲೇ ಕಾಣುತ್ತಿತ್ತು. ಒಳಗೆ ಮಕ್ಕಳ ಪ್ರಾರ್ಥನೆ ಶುರುವಾಗಿತ್ತು. ಕುಸುಮಾಳ ಕಾಲು ಆಗಲೇ ಆ ಕಡೆ ತುಡಿಯುತ್ತಿತ್ತು.

“ನಾನು ನಂಬ್ತೀನಿ ಅಜ್ಜಿ,” ಎಂದಳು ರಂಜಿನಿ. “ದೇವರಾಣೆ ನಂಬ್ತೀನಿ. ಆದ್ರೆ ನಿನ್ನೆ ರಾತ್ರಿನೇ ಪೇರೆಂಟ್ಸೆಲ್ಲ ಸೇರಿ ತೀರ್ಮಾನ ಮಾಡ್ಬಿಟ್ರು. ರಿಪೋರ್ಟಲ್ಲಿ ಶಿಕ್ಷೆ ಅಂತ ಇರೋರು ಮಕ್ಕಳನ್ನ ಮುಟ್ಟಬಾರ್ದು ಅಂತ. ಇಟ್ಕೊಂಡ್ರೆ ಹದಿನಾರು ಮಕ್ಕಳನ್ನ ಬಿಡಿಸ್ಕೊಂಡು ಹೋಗ್ತಾರಂತೆ. ನಾನು ಎಷ್ಟೋ ಹೇಳ್ದೆ.” ಕುಸುಮಾಳ ಕಡೆ ನೋಡಲಾಗದೆ ಅಜ್ಜಿಯ ಕೈ ಹಿಡಿದುಕೊಂಡಳು. “ನೀವು ಬಂದು ಹೇಳಿದ್ರಿ, ದೊಡ್ಡ ಮನಸ್ಸು. ಆದ್ರೆ ನಿಮ್ಮ ಹೆಸರಲ್ಲಿ ಏನೂ ಇಲ್ವಲ್ಲ ಅಜ್ಜಿ.”

“ಹಂಗಂದ್ರೆ?”

“ಹಂಗಂದ್ರೆ ಪೊಲೀಸರ ಪ್ರಕಾರ ನೀನು ಒಳ್ಳೇವ್ಳು,” ಎಂದಳು ಕುಸುಮಾ.

ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ರಂಜಿನಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅಷ್ಟರಲ್ಲಿ ಗೇಟಿನ ಮುಂದೆ ಸ್ಕೂಟರೊಂದು ನಿಂತಿತು. ಹೆಲ್ಮೆಟ್ ಹಾಕಿಕೊಂಡ ಹುಡುಗಿ, ಆಫೀಸಿಗೆ ಹೊತ್ತಾಗಿದೆ, ಎದೆಗೆ ಕಟ್ಟಿಕೊಂಡ ಮಗು ಕಿರುಚುತ್ತಿದೆ. ಇನ್ನೂ ನಡೆಯಲು ಬಾರದ ಹೆಣ್ಣುಮಗು. ಕುಸುಮಾ ಯೋಚಿಸಲೂ ಇಲ್ಲ, ಎರಡೂ ಕೈ ಚಾಚಿ ಮುಂದೆ ಹೋದಳು. ಆ ಹುಡುಗಿ ಪಟ್ಟಿ ಬಿಚ್ಚುತ್ತಿದ್ದವಳು ಅವಳನ್ನು ಕಂಡು ನಿಂತಳು. ಮುಖ ಕೆಂಪಾಯಿತು. ಆ ಕಡೆ ಈ ಕಡೆ ನೋಡಿ, ಕುರ್ಚಿಯ ಮೇಲಿದ್ದ ನರೆಗೂದಲಿನ ಅಜ್ಜಿಯ ಹತ್ತಿರ ಹೋಗಿ, “ಅಜ್ಜಿ, ಮಿಸ್ ಬರೋವರ್ಗೂ ಸ್ವಲ್ಪ ಹಿಡ್ಕೊಳ್ತೀರಾ? ಪ್ಲೀಸ್” ಎಂದು ಮಗುವನ್ನು ಮಡಿಲಿಗೆ ಹಾಕಿ, ತಿರುಗಿ ನೋಡದೆ ಸ್ಕೂಟರ್ ಹತ್ತಿ ಹೋದಳು.

ಮಗು ಬಿಲ್ಲಿನಂತೆ ಹಿಂದಕ್ಕೆ ಬಗ್ಗಿ ಚೀರಿತು. ಕುಸುಮಾಳ ಕಡೆ ಎರಡೂ ಕೈ ಚಾಚಿತು. ಅಕ್ಕಯ್ಯಮ್ಮನಿಗೆ ಹಿಡಿಯಲು ಆಗುತ್ತಿಲ್ಲ, ಮಡಿಲಿನಿಂದ ಜಾರುತ್ತಿದೆ. “ಅಯ್ಯೋ ನನ್ ಕರ್ಮವೇ! ತಗೊಳೇ ಕುಸುಮಾ, ತಗೋ ಇದನ್ನ!” ಎಂದು ಮಗುವನ್ನು ಮುಂದಕ್ಕೆ ಹಿಡಿದರು. ಮುದುಕಿಯ ಕೆನ್ನೆಯ ಮೇಲೆ ನೀರು ಧಾರಾಕಾರವಾಗಿ ಹರಿಯುತ್ತಿತ್ತು.

ಕುಸುಮಾ ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡು ಕುರ್ಚಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

“ನಾನು ಮುಟ್ಟಂಗಿಲ್ಲಮ್ಮ,” ಎಂದಳು. “ನೀನೇ ಎತ್ಕೋ. ಹಂಗಲ್ಲ, ಕತ್ತಿನ ಹಿಂದೆ ಕೈ ಕೊಡು. ಭುಜಕ್ಕೆ ಹಾಕ್ಕೋ. ಹೂಂ. ಈಗ ಬೆನ್ನು ತಟ್ಟು. ಜೋರಾಗಿ ಬೇಡ, ಅದಕ್ಕೆ ಮೆಲ್ಲಗೆ ತಟ್ಟಿದ್ರೆ ಇಷ್ಟ. ಮೆಲ್ಲಗೆ ಅಮ್ಮ. ಇನ್ನೂ ಮೆಲ್ಲಗೆ.”